ಹಳೆಯ ಕುಸ್ತಿ, ಹಳೆಯ ಕಟ್ಟಳೆ

ಮುಪ್ಪಿನಲ್ಲಿ ಮನುಷ್ಯನಿಗೆ ಉಳಿಯುವ ಸುಖಗಳಲ್ಲಿ ಹಳೆಯ ಪಂದ್ಯಗಳನ್ನು ನೆನೆಯುವ ಸುಖವೂ ಒಂದು. ಅದಕ್ಕೆ ಖರ್ಚಿಲ್ಲ, ವೈದ್ಯರ ನಿಷೇಧವೂ ಇಲ್ಲ. ಕೇಳುವವನೊಬ್ಬ ಎದುರಿಗಿದ್ದರೆ ಸಾಕು, ಐವತ್ತು ವರ್ಷಗಳ ಹಿಂದೆ ಮುಗಿದುಹೋದ ಕಾಳಗ ಮೈಕೊಡವಿ ಎದ್ದು ನಿಲ್ಲುತ್ತದೆ. ಆದರೆ ಈ ಸುಖದ ಬೆನ್ನಿಗೇ ಸಾಮಾನ್ಯವಾಗಿ ಒಂದು ನಿಟ್ಟುಸಿರು ಬರುತ್ತದೆ: ಆಗಿನ ಆಟವೇ ಆಟ, ಆಗಿನ ಕಟ್ಟಳೆಯೇ ಕಟ್ಟಳೆ! ಇವು ಎರಡು ಬೇರೆ ಬೇರೆ ಮಾತುಗಳು. ಒಂದೇ ಉಸಿರಿನಲ್ಲಿ ಆಡತಕ್ಕವಲ್ಲ ಎಂಬುದು ನನ್ನ ಮತ. ಆಟವನ್ನು ನೆನೆಯುವುದು ಪ್ರೀತಿಯ ಕೆಲಸ. ಕಟ್ಟಳೆಯನ್ನು ಮರಳಿ ಬೇಡುವುದಕ್ಕೆ ಪ್ರೀತಿ ಸಾಲದು, ಲೆಕ್ಕವೂ ಬೇಕು.

ಈ ವಿಚಾರ ನನ್ನ ತಲೆಯನ್ನು ಹೊಕ್ಕದ್ದು ನಮ್ಮ ಊರಿನ ಗರಡಿಯಲ್ಲಿ ಅಲ್ಲ, ಬಹುದೂರದ ಒಂದು ಕಾಫಿ ಅಂಗಡಿಯಲ್ಲಿ. 2024ರ ಮೊದಲ ತಿಂಗಳುಗಳನ್ನು ನಾನು ಅಮೆರಿಕದ ಅಯೋವಾ ರಾಜ್ಯದ ಏಮ್ಸ್ ಎಂಬ ಊರಿನಲ್ಲಿ ಮಗಳ ಮನೆಯಲ್ಲಿ ಕಳೆದೆ. ಹೊರಗೆ ಮೊಣಕಾಲುದ್ದ ಹಿಮ; ಒಳಗೆ ಮಾಡಲು ಕೆಲಸವಿಲ್ಲ. ಬೆಳಗಿನ ಹೊತ್ತು ಮಗಳು ಕೆಲಸಕ್ಕೆ ಹೋಗುವಾಗ ನನ್ನನ್ನು ಆ ಅಂಗಡಿಯಲ್ಲಿ ಇಳಿಸಿ ಹೋಗುತ್ತಿದ್ದಳು. ಅಲ್ಲಿ ಕಿಟಕಿಯ ಪಕ್ಕದ ಮೇಜಿನಲ್ಲಿ ದಿನವೂ ನಾಲ್ಕೈದು ಮಂದಿ ವೃದ್ಧರು ಸೇರುತ್ತಿದ್ದರು. ಒಬ್ಬರು ಜೋಳ ಬೆಳೆದು ನಿವೃತ್ತರಾದ ರೈತರು. ಇನ್ನೊಬ್ಬರು ಶಾಲೆಯ ಉಪಾಧ್ಯಾಯರಾಗಿದ್ದವರು, ಪ್ರಾಯದಲ್ಲಿ ತಾವೂ ಕಾಲೇಜಿನ ಪರವಾಗಿ ಕುಸ್ತಿಯಾಡಿದವರು. ಹಿಂಡಿದ ಹೂಕೋಸಿನಂತಿದ್ದ ಅವರ ಕಿವಿಯನ್ನು ನೋಡಿದರೇ ಅದು ತಿಳಿಯುತ್ತಿತ್ತು. ಹವಾಮಾನ ಮತ್ತು ಜೋಳದ ಬೆಲೆ ಐದು ನಿಮಿಷದಲ್ಲಿ ಮುಗಿಯುತ್ತಿದ್ದವು. ಉಳಿದ ಹೊತ್ತೆಲ್ಲ ಕುಸ್ತಿ.

ಅಮೆರಿಕವೆಂದರೆ ಬೇಸ್‌ಬಾಲು, ಬಾಸ್ಕೆಟ್‌ಬಾಲು ಎಂದು ತಿಳಿದಿರುವ ನಮಗೆ ಇದು ಸೋಜಿಗವೆನಿಸಬಹುದು. ಅಯೋವಾ ಮಾತ್ರ ಕುಸ್ತಿಯ ನಾಡು. ರಾಷ್ಟ್ರೀಯ ಕಾಲೇಜು ಕ್ರೀಡಾಸಂಘದ ಮೊಟ್ಟಮೊದಲ ಕುಸ್ತಿ ಪಂದ್ಯಾವಳಿ 1928ರಲ್ಲಿ ನಡೆದದ್ದು ಇದೇ ಏಮ್ಸ್‌ನಲ್ಲಿ. 2015ರ ನವೆಂಬರಿನಲ್ಲಿ ಅಯೋವಾ ವಿಶ್ವವಿದ್ಯಾಲಯವು ಒಕ್ಲಹೋಮ ಸ್ಟೇಟ್ ತಂಡದೊಡನೆ ಬಯಲು ಕ್ರೀಡಾಂಗಣದಲ್ಲಿ ನಡೆಸಿದ ಒಂದೇ ಒಂದು ಪಂದ್ಯಕ್ಕೆ ಸೇರಿದ ಜನ 42,287.

ಈ ಕುಸ್ತಿ ಒಲಿಂಪಿಕ್ ಕ್ರೀಡೆಯಲ್ಲಿ ನಾವು ಕಾಣುವ ಕುಸ್ತಿಯಲ್ಲ. ಅಲ್ಲಿ ಎದುರಾಳಿಯ ಬೆನ್ನನ್ನು ಒಂದು ಕ್ಷಣ ನೆಲದತ್ತ ತಿರುಗಿಸಿದರೂ ಅಂಕ ದೊರೆಯುತ್ತದೆ. ನೆಲದಲ್ಲಿ ಸ್ವಲ್ಪ ಹೊತ್ತು ಏನೂ ನಡೆಯದಿದ್ದರೆ ತೀರ್ಪುಗಾರನು ಇಬ್ಬರನ್ನೂ ಎಬ್ಬಿಸಿ ನಿಲ್ಲಿಸುತ್ತಾನೆ. ಕಾಲೇಜು ಕುಸ್ತಿಯ ಜೀವಾಳವಿರುವುದು ಕೆಡವಿದ ಮೇಲೆ. ಕೆಡವಿದವನು ಮೇಲೆ, ಬಿದ್ದವನು ಕೆಳಗೆ. ಮೇಲಿನವನು ಅವನನ್ನು ಹತೋಟಿಯಲ್ಲಿಟ್ಟುಕೊಂಡು ಚಿತ್ತು ಮಾಡಲು ಹವಣಿಸಬೇಕು. ಕೆಳಗಿನವನು ಬಿಡಿಸಿಕೊಂಡು ಏಳಬೇಕು, ಇಲ್ಲವೆ ತಿರುಗಿಬಿದ್ದು ತಾನೇ ಮೇಲಾಗಬೇಕು. ಬಿಡಿಸಿಕೊಂಡವನಿಗೆ ಒಂದು ಅಂಕ, ತಿರುಗಿಬಿದ್ದವನಿಗೆ ಎರಡು. ಎರಡು ಭುಜಗಳೂ ಒಂದು ಸೆಕೆಂಡು ನೆಲಕ್ಕೆ ಒತ್ತಿದರೆ ಚಿತ್ತು. ಅಲ್ಲಿಗೆ ಕುಸ್ತಿ ಮುಗಿಯಿತು. ಯಾರು ಎಷ್ಟು ಹೊತ್ತು ಮೇಲಿದ್ದರೆಂಬುದನ್ನು ಅಳೆಯುವುದಕ್ಕೆ ಬೇರೆಯೇ ಒಂದು ಗಡಿಯಾರ ಉಂಟು. ಇದನ್ನು ಅವರು ‘ಸವಾರಿಯ ಹೊತ್ತು’ ಎಂದು ಕರೆಯುತ್ತಾರೆ. ಒಬ್ಬನ ಸವಾರಿ ಇನ್ನೊಬ್ಬನದಕ್ಕಿಂತ ಒಂದು ನಿಮಿಷದಷ್ಟು ಹೆಚ್ಚಾಗಿದ್ದರೆ ಕೊನೆಯಲ್ಲಿ ಅವನಿಗೆ ಇನ್ನೊಂದು ಅಂಕ ಸೇರುತ್ತದೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂದು ನಮ್ಮಲ್ಲಿ ಗಾದೆಯಿದೆಯಷ್ಟೆ. ಮೀಸೆ ಮಣ್ಣಾಯಿತೇ, ಎಷ್ಟು ಹೊತ್ತು ಮಣ್ಣಾಗಿತ್ತು ಎಂಬುದನ್ನು ಅವರು ಗಡಿಯಾರ ಹಿಡಿದು ಅಳೆಯುತ್ತಾರೆ!

ಈ ಕಟ್ಟಳೆಗಳು ಆಕಾಶದಿಂದ ಇಳಿದುಬಂದವಲ್ಲ. ಮೊದಮೊದಲು ಅಂಕಗಳೇ ಇರಲಿಲ್ಲ. ಚಿತ್ತಾಗದ ಕುಸ್ತಿಯಲ್ಲಿ ಯಾರ ಸವಾರಿ ಹೆಚ್ಚೆಂಬುದೇ ಮುಖ್ಯವಾದ ಅಳತೆಯಾಗಿತ್ತು. ಅಂಕಗಳ ಪದ್ಧತಿ ಬಂದದ್ದು 1941ರಲ್ಲಿ. ಅದನ್ನು ರೂಪಿಸಿದವರು ಒಕ್ಲಹೋಮ ಎ ಅಂಡ್ ಎಂ ಕಾಲೇಜಿನ ತರಬೇತುಗಾರ ಆರ್ಟ್ ಗ್ರಿಫಿತ್ ಎಂದು ಹೇಳುತ್ತಾರೆ. ಎಂದಮೇಲೆ ಇಂದಿನ ವೃದ್ಧರು ‘ಹಳೆಯ ಕಟ್ಟಳೆ’ ಎಂದು ಕೊಂಡಾಡುವುದು ಅವರ ತಂದೆಯರ ಪಾಲಿಗೆ ಹೊಸ ಕಟ್ಟಳೆಯಾಗಿತ್ತು. ಅವರೂ ಆ ಕಾಲದಲ್ಲಿ ಎಲ್ಲಿಯೋ ಒಂದು ಮೇಜಿನ ಸುತ್ತ ಕುಳಿತು ನಿಟ್ಟುಸಿರು ಬಿಟ್ಟಿರಲು ಸಾಕು.

ಆ ಮೇಜಿನಲ್ಲಿ ವಾರಕ್ಕೆ ಎರಡು ಸಲವಾದರೂ ಬರುತ್ತಿದ್ದ ಕುಸ್ತಿಯೆಂದರೆ 1970ರದು. ಡ್ಯಾನ್ ಗೇಬಲ್ ಏಮ್ಸ್‌ನ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಪ್ರೌಢಶಾಲೆಯಲ್ಲಿ 64 ಕುಸ್ತಿ, ಕಾಲೇಜಿನಲ್ಲಿ 117, ಒಟ್ಟು 181 ಕುಸ್ತಿಗಳಲ್ಲಿ ಸೋಲನ್ನು ಕಾಣದೆ ಅವನು ಕಟ್ಟಕಡೆಯ ಕಾಲೇಜು ಕುಸ್ತಿಗೆ ಬಂದು ನಿಂತಿದ್ದ. ಸ್ಥಳ, ಇಲಿನಾಯ್ ರಾಜ್ಯದ ಎವನ್‌ಸ್ಟನ್. ತೂಕ, 142 ಪೌಂಡು. ಎದುರಾಳಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಎರಡನೆಯ ವರ್ಷದ ವಿದ್ಯಾರ್ಥಿ ಲ್ಯಾರಿ ಓವಿಂಗ್ಸ್. ಇವನು ಪ್ರೌಢಶಾಲೆಯಲ್ಲಿದ್ದಾಗ, 1968ರಲ್ಲಿ, ಒಲಿಂಪಿಕ್ ಆಯ್ಕೆಯ ಪಂದ್ಯದಲ್ಲಿ ಗೇಬಲ್‌ಗೆ ಸೋತಿದ್ದವನು. ಆ ಋತುವಿನಲ್ಲಿ 158 ಪೌಂಡಿನ ವರ್ಗದಲ್ಲಿ ಆಡಿದವನು, ಗೇಬಲ್‌ನೊಡನೆ ಸೆಣಸಬೇಕೆಂಬ ಒಂದೇ ಹಟದಿಂದ ತೂಕವನ್ನಿಳಿಸಿ 142ಕ್ಕೆ ಬಂದಿದ್ದ. ‘ಗೇಬಲ್‌ನನ್ನು ಸೋಲಿಸಲೆಂದೇ ಬಂದಿದ್ದೇನೆ’ ಎಂದು ಮುಂಚಿತವಾಗಿಯೇ ಎಲ್ಲರಿಗೂ ಕೇಳುವಂತೆ ಹೇಳಿಯೂ ಇದ್ದ.

ಎಂಟು ನಿಮಿಷದ ಆ ಕುಸ್ತಿಯನ್ನು ಅಂದು ಸಭಾಂಗಣದಲ್ಲಿ ಕುಳಿತು ಕಂಡವರು ನಮ್ಮ ಮೇಜಿನಲ್ಲಿ ಒಬ್ಬರಿದ್ದರು, ಆ ಉಪಾಧ್ಯಾಯರು. ಓವಿಂಗ್ಸ್ ಮೊದಲಿಗೇ ಮುನ್ನುಗ್ಗಿದ. ಗೇಬಲ್ ಹಿಂದೆ ಬಿದ್ದ. ಹಿಂದೆ ಬೀಳುವುದೆಂದರೇನೆಂಬುದನ್ನೇ ಅರಿಯದವನು ಅವನು. ಬರಬರುತ್ತ ಚೇತರಿಸಿಕೊಂಡು ಅಂಕಗಳನ್ನು ಕೂಡಿಸಿ ಮುಂದಾದ. ಇನ್ನೇನು ಮುಗಿಯಿತು ಎನ್ನುವಾಗ, ಕೊನೆಯ ಅರ್ಧ ನಿಮಿಷದ ಸುಮಾರಿಗೆ, ಓವಿಂಗ್ಸ್ ಅವನನ್ನು ಕೆಡವಿ ಬೆನ್ನನ್ನು ನೆಲದತ್ತ ತಿರುಗಿಸಿದ. ಕೆಡವಿದ್ದಕ್ಕೆ ಎರಡು, ತಿರುಗಿಸಿದ್ದಕ್ಕೆ ಎರಡು, ಒಮ್ಮೆಗೇ ನಾಲ್ಕು ಅಂಕ. ಕುಸ್ತಿ ಮುಗಿದಾಗ ಫಲಕದ ಮೇಲೆ 13–11. ಗೇಬಲ್ ಸೋತಿದ್ದ. ಸಭಾಂಗಣದಲ್ಲಿ ಒಂದು ಕ್ಷಣ ಗೆದ್ದವನ ಕಡೆಯವರಿಗೂ ಕೂಗುವುದು ಹೇಗೆಂಬುದು ತೋಚಲಿಲ್ಲವೆಂದು ಉಪಾಧ್ಯಾಯರು ಹೇಳಿದರು. ಆಮೇಲೆ ಎದ್ದ ಸದ್ದನ್ನು ಅವರು ತಮ್ಮ ಕೈಯಿಂದ ಮೇಜನ್ನು ಬಡಿದು ತೋರಿಸಿದರು, ಕಾಫಿ ಚೆಲ್ಲಿತು.

ಈ ನೆನಪಿನ ಗುಣವನ್ನು ಗಮನಿಸಬೇಕು. ಗೇಬಲ್ ಗೆದ್ದ 181 ಕುಸ್ತಿಗಳಲ್ಲಿ ಹತ್ತನ್ನು ಹೆಸರಿಸಬಲ್ಲವರು ಆ ಮೇಜಿನಲ್ಲಿಯೂ ಇರಲಿಲ್ಲ. ಸೋತ ಒಂದನ್ನು ಮಾತ್ರ ಎಲ್ಲರೂ ಹಿಡಿತ ಹಿಡಿತವಾಗಿ ಹೇಳಬಲ್ಲರು. ಆ ಸೋಲಿನ ಮರುವರ್ಷ, 1971ರಲ್ಲಿ, ಗೇಬಲ್ ವಿಶ್ವವಿಜೇತನಾದ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಎದುರಾಳಿಗಳಿಗೆ ಒಂದೇ ಒಂದು ಅಂಕವನ್ನೂ ಬಿಟ್ಟುಕೊಡದೆ ಚಿನ್ನದ ಪದಕ ಗೆದ್ದ. ಓವಿಂಗ್ಸ್ ಇನ್ನೆರಡು ವರ್ಷವೂ ಅಂತಿಮ ಸುತ್ತನ್ನು ಮುಟ್ಟಿ ಎರಡು ಸಲವೂ ಸೋತ. ಸೋತವನು ಆ ಸೋಲಿನಿಂದ ಬೆಳೆದ. ಗೆದ್ದವನ ಹೆಸರು ಆ ಗೆಲುವಿನೊಂದಕ್ಕೇ ಅಂಟಿಕೊಂಡಿತು. ಏಮ್ಸ್‌ನವರ ಪಾಲಿಗೆ ಇದರಲ್ಲಿ ಮತ್ತೊಂದು ಕಹಿಯೂ ಉಂಟು. ಅವರ ಕಣ್ಮಣಿಯಾದ ಗೇಬಲ್ ತರಬೇತುಗಾರನಾದದ್ದು ಎದುರಾಳಿಗಳಾದ ಅಯೋವಾ ವಿಶ್ವವಿದ್ಯಾಲಯದವರಿಗೆ! ಅಲ್ಲಿ ಅವನ ತಂಡಗಳು ಗೆದ್ದ ರಾಷ್ಟ್ರೀಯ ಪ್ರಶಸ್ತಿಗಳು ಹದಿನೈದು. 1978ರಿಂದ 1986ರ ವರೆಗೆ ಸತತವಾಗಿ ಒಂಬತ್ತು. ಹತ್ತನೆಯದನ್ನು 1987ರಲ್ಲಿ ತಪ್ಪಿಸಿದವರು ಅಯೋವಾ ಸ್ಟೇಟಿನವರೇ. ಆ ವರ್ಷದ ಹೆಸರೆತ್ತಿದರೆ ರೈತರ ಮುಖ ಈಗಲೂ ಅರಳುತ್ತಿತ್ತು.

ಇಷ್ಟೆಲ್ಲ ಸರಿ. ಆದರೆ ಸವಿನೆನಪು ಕ್ರಮೇಣ ಹೋಲಿಕೆಗೆ ಇಳಿಯುತ್ತದೆ. ತೊಡಕು ಅಲ್ಲಿಂದ ಪ್ರಾರಂಭವಾಗುತ್ತದೆ. ಗೇಬಲ್ ದೊಡ್ಡವನೋ, ಕೇಲ್ ಸ್ಯಾಂಡರ್ಸನ್ ದೊಡ್ಡವನೋ? ಇಬ್ಬರೂ ಅಯೋವಾ ಸ್ಟೇಟಿನವರೇ. ಸ್ಯಾಂಡರ್ಸನ್ 1999ರಿಂದ 2002ರ ವರೆಗೆ 159 ಕುಸ್ತಿಗಳಾಡಿ ಒಂದನ್ನೂ ಸೋಲಲಿಲ್ಲ. ನಾಲ್ಕು ಸಲ ರಾಷ್ಟ್ರೀಯ ವಿಜೇತನಾದ. ಗೇಬಲ್ ಆದದ್ದು ಎರಡೇ ಸಲ. ಆದರೆ ಗೇಬಲ್‌ನ ಕಾಲದಲ್ಲಿ ಕಾಲೇಜಿನ ಮೊದಲನೆಯ ವರ್ಷದವರಿಗೆ ಮುಖ್ಯ ತಂಡದಲ್ಲಿ ಆಡುವ ಹಕ್ಕೇ ಇರಲಿಲ್ಲ. ಅವನಿಗೆ ಇದ್ದ ಅವಕಾಶಗಳು ಮೂರು, ಸ್ಯಾಂಡರ್ಸನ್‌ಗೆ ನಾಲ್ಕು. ಪೆನ್ ಸ್ಟೇಟಿನ ಕಾರ್ಟರ್ ಸ್ಟಾರೋಚಿ 2021ರಿಂದ 2025ರ ವರೆಗೆ ಐದು ಸಲ ಗೆದ್ದನಲ್ಲವೆ, ಅದು ಹೇಗೆ? ಸಾಂಕ್ರಾಮಿಕದ ಕಾಲದಲ್ಲಿ ಆಡಿದವರಿಗೆಲ್ಲ ಸಂಘವು ಒಂದು ವರ್ಷವನ್ನು ಹೆಚ್ಚಾಗಿ ಕೊಟ್ಟುದರಿಂದ. ಮೂರು, ನಾಲ್ಕು, ಐದು: ಇವು ತೋಳ್ಬಲದ ಅಂಕಿಗಳಲ್ಲ, ಕಟ್ಟಳೆಯ ಅಂಕಿಗಳು. ಸ್ಟಾರೋಚಿಯ ಗೆಲುವು ಇದರಿಂದ ಕಿರಿದಾಗುವುದಿಲ್ಲ. ಆದರೆ ಕಟ್ಟಳೆಯನ್ನು ಮರೆತು ಸಾಧನೆಯನ್ನು ಮಾತ್ರ ನೆನೆಯುವವನು ಅರ್ಧ ಸುಳ್ಳನ್ನು ನೆನೆಯುತ್ತಾನೆ.

ಇನ್ನು ವೃದ್ಧರ ದೂರುಗಳಿಗೆ ಬರೋಣ. 2023–24ರ ಋತುವಿನಿಂದ ಕೆಡವಿದ್ದಕ್ಕೆ ಎರಡರ ಬದಲು ಮೂರು ಅಂಕ. ಬೆನ್ನು ತಿರುಗಿಸಿ ಹಿಡಿದದ್ದಕ್ಕೆ ಎರಡು, ಮೂರು, ನಾಲ್ಕು ಸೆಕೆಂಡಿನಂತೆ ಎರಡು, ಮೂರು, ನಾಲ್ಕು ಅಂಕ. ಹಿಂದೆ ಇಬ್ಬರೂ ಸಮನಾದರೆ ಎರಡು ತಂಡಗಳ ನಡುವಣ ಪಂದ್ಯದಲ್ಲಿ ಅದು ಸಮವೆಂದೇ ಉಳಿಯುತ್ತಿತ್ತು. ಈಗ ಹೆಚ್ಚಿನ ಹೊತ್ತು ಆಡಿಸಿ ಒಬ್ಬನನ್ನು ಗೆಲ್ಲಿಸಲೇಬೇಕು. ತೀರ್ಪುಗಾರನ ಕಣ್ಣಿಗೆ ಬಿದ್ದದ್ದೇ ಕೊನೆಯಾಗಿತ್ತು. ಈಗ ತರಬೇತುಗಾರನು ಆಕ್ಷೇಪಿಸಿದರೆ ಚಿತ್ರವನ್ನು ಮತ್ತೆ ಮತ್ತೆ ಓಡಿಸಿ ನೋಡುತ್ತಾರೆ. ಹಿಂದೆ ಭಾರೀ ತೂಕದವರಿಗೆ ಮೇಲಿನ ಮಿತಿಯೇ ಇರಲಿಲ್ಲ. 1972 ಮತ್ತು 1973ರಲ್ಲಿ ಗೆದ್ದ ಅಯೋವಾ ಸ್ಟೇಟಿನ ಕ್ರಿಸ್ ಟೇಲರ್ ನಾನೂರು ಪೌಂಡಿಗೂ ಮೀರಿದ ಮನುಷ್ಯ. ಈಗ 285 ಪೌಂಡಿಗೆ ಗೆರೆ ಎಳೆದಿದ್ದಾರೆ. ಟೇಲರ್‌ನಂಥವನಿಗೆ ಈ ಕಾಲದಲ್ಲಿ ಕಣವೇ ಇಲ್ಲವೆಂದು ರೈತರು ಮರುಗುತ್ತಿದ್ದರು. ಆತ 1979ರಲ್ಲಿ, ಮೂವತ್ತು ತುಂಬುವ ಮೊದಲೇ, ತೀರಿಕೊಂಡನೆಂಬುದು ಆ ಮರುಕದಲ್ಲಿ ಬರುತ್ತಿರಲಿಲ್ಲ.

ಈ ದೂರುಗಳಲ್ಲಿ ಕೆಲವು ಬರಿಯ ಅಭ್ಯಾಸದ ಮಾತು. ಎರಡು ಅಂಕವೇ ಸಹಜ, ಮೂರು ಅಸಹಜ ಎನ್ನುವುದಕ್ಕೆ ಯಾವ ಶಾಸ್ತ್ರಾಧಾರವೂ ಇಲ್ಲ. ಕೆಡವಿ, ಬಿಟ್ಟು, ಒಂದು ಅಂಕ ತೆತ್ತು, ಮತ್ತೆ ಕೆಡವುವವನಿಗೆ ಹಿಂದೆ ಪ್ರತಿ ಸಲವೂ ಒಂದು ಅಂಕ ಉಳಿಯುತ್ತಿತ್ತು. ಈಗ ಎರಡು ಉಳಿಯುತ್ತದೆ. ದಾಳಿ ಮಾಡುವವನಿಗೆ ಬೆಲೆ ಹೆಚ್ಚಿತು, ಕಾಯುತ್ತ ಕುಳಿತವನಿಗೆ ಇಳಿಯಿತು. ಇದು ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಕೆಲವು ವರ್ಷ ನೋಡಿ ಹೇಳಬೇಕೇ ಹೊರತು ಬಾಲ್ಯದ ನೆನಪಿನಿಂದ ಹೇಳಲಾಗದು.

ಆದರೆ ಒಂದು ವಿಷಯದಲ್ಲಿ ನಾನು ಆ ವೃದ್ಧರ ಪಕ್ಷ. ಅದು ಸವಾರಿಯ ವಿಷಯ. ಮೇಲೆ ಕುಳಿತು ಹೊತ್ತು ಕಳೆಯುವುದು ನೋಡುವವರಿಗೆ ಬೇಸರ, ಅದನ್ನು ತೆಗೆದುಹಾಕಿ, ಒಲಿಂಪಿಕ್ ಪದ್ಧತಿಯನ್ನೇ ಹಿಡಿಯಿರಿ ಎಂಬ ವಾದ ಆಗಾಗ್ಗೆ ಏಳುತ್ತಿರುತ್ತದೆ. ನನ್ನ ದೃಷ್ಟಿಯಲ್ಲಿ ಅದು ಆಟದ ಬೇರನ್ನೇ ಕಡಿದಂತೆ. ಬಿದ್ದವನು ಏಳುವುದನ್ನೂ ವಿದ್ಯೆಯೆಂದು ಗಣಿಸಿ ಅದಕ್ಕೂ ಅಂಕ ಕೊಡುವ ಕುಸ್ತಿ ಇದು. ಕೆಡವಿಸಿಕೊಂಡವನನ್ನು ತೀರ್ಪುಗಾರನು ಕರುಣೆಯಿಂದ ಎಬ್ಬಿಸುವುದಿಲ್ಲ. ಅವನು ತನ್ನ ಬೆನ್ನಮೇಲಿನ ಭಾರವನ್ನು ತಾನೇ ಕಳಚಿಕೊಂಡು ಏಳಬೇಕು. ಮೇಲಿನವನ ಬೇಸರದ ಹಿಂದೆಯೂ ಒಂದು ಕಲೆ ಇದೆ. 2011ರಲ್ಲಿ ಅರಿಜೋನ ಸ್ಟೇಟಿನ ಆಂಥನಿ ರೋಬ್ಲೆಸ್ 125 ಪೌಂಡಿನ ವರ್ಗದಲ್ಲಿ ರಾಷ್ಟ್ರೀಯ ವಿಜೇತನಾದ. ಅವನಿಗೆ ಹುಟ್ಟಿನಿಂದ ಒಂದೇ ಕಾಲು. ಆ ಋತುವಿನಲ್ಲಿ ಒಂದು ಕುಸ್ತಿಯನ್ನೂ ಅವನು ಸೋಲಲಿಲ್ಲ. ಅಂತಿಮ ಸುತ್ತಿನಲ್ಲಿ ಹಿಂದಿನ ವರ್ಷದ ವಿಜೇತನನ್ನು 7–1ರಿಂದ ಸೋಲಿಸಿದ. ಅವನ ದೊಡ್ಡ ಆಯುಧವೆಂದರೆ ಉಕ್ಕಿನಂಥ ಕೈಹಿಡಿತ. ಒಮ್ಮೆ ಮೇಲಾದನೆಂದರೆ ಕೆಳಗಿನವನ ಮಣಿಕಟ್ಟನ್ನು ಹಿಡಿದು ಓರೆಯಾಗಿ ಉರುಳಿಸಿ ಬೆನ್ನನ್ನು ನೆಲಕ್ಕೆ ತೋರಿಸುತ್ತಿದ್ದ. ನೆಲದ ಕುಸ್ತಿಗೆ ಬೆಲೆ ಕೊಡುವ ಕಟ್ಟಳೆ ಇಲ್ಲದಿದ್ದರೆ ಆ ವಿದ್ಯೆ ಹೀಗೆ ಬೆಳಕಿಗೆ ಬರುತ್ತಿತ್ತೇ ಎಂದು ನನಗೆ ಸಂದೇಹ. ಇಂಥ ಕಟ್ಟಳೆಯನ್ನು ಹಳೆಯದೆಂಬ ಕಾರಣದಿಂದಲ್ಲ, ಅದು ಇನ್ನೂ ಒಂದು ಗುಣವನ್ನು ಹೊರಗೆಳೆಯುತ್ತಿದೆ ಎಂಬ ಕಾರಣದಿಂದ ಉಳಿಸಿಕೊಳ್ಳಬೇಕು.

ಹಾಗಾದರೆ ಹಳೆಯ ಕಟ್ಟಳೆಯನ್ನು ಅಳೆಯುವ ಕೋಲು ಯಾವುದು? ಕಣದಲ್ಲಿ ಎಲ್ಲರ ಎದುರಿಗೆ ಅದು ಯಾವ ಚೆಲುವನ್ನು ತೋರಿಸಿತು ಎಂದಷ್ಟೇ ನೋಡಿದರೆ ಸಾಲದು. ಯಾರೂ ನೋಡದಿರುವಾಗ, ಬಾಗಿಲು ಮುಚ್ಚಿದ ಕೋಣೆಯಲ್ಲಿ, ಅದು ಹುಡುಗರಿಂದ ಏನನ್ನು ಮಾಡಿಸಿತು ಎಂದೂ ಕೇಳಬೇಕು.

ಒಂದು ಬೆಳಿಗ್ಗೆ ಮಾತು ತೂಕದ ಕಡೆಗೆ ಹೊರಳಿತು. ಹಿಂದಿನ ಕಾಲದಲ್ಲಿ ತೂಕ ನೋಡುವುದು ಕುಸ್ತಿಗೆ ಎಷ್ಟೋ ಗಂಟೆಗಳ ಮೊದಲು, ಕೆಲವು ಪಂದ್ಯಾವಳಿಗಳಲ್ಲಿ ಹಿಂದಿನ ದಿನವೇ. ಆದುದರಿಂದ ಮೈಯ ನೀರನ್ನೆಲ್ಲ ಬೆವರಿಳಿಸಿ ಹಗುರಾಗಿ ತಕ್ಕಡಿ ಹತ್ತಿ, ಆಮೇಲೆ ಉಂಡು ಕುಡಿದು, ತನಗಿಂತ ಚಿಕ್ಕವನ ಮೇಲೆ ಕಣಕ್ಕಿಳಿಯಬಹುದಾಗಿತ್ತು. ಒಬ್ಬನು ಹಾಗೆ ಮಾಡಿದರೆ ಎಲ್ಲರೂ ಮಾಡಲೇಬೇಕು; ಇಲ್ಲದಿದ್ದರೆ ತಾನೇ ಚಿಕ್ಕವನಾಗುತ್ತಾನೆ. ರಬ್ಬರಿನ ಉಡುಪು ತೊಟ್ಟು ಬಿಸಿಕೋಣೆಯಲ್ಲಿ ಓಡುವುದು, ದಿನಗಟ್ಟಲೆ ನೀರು ಮುಟ್ಟದಿರುವುದು, ಬಟ್ಟಲಿಗೆ ಉಗುಳಿ ಉಗುಳಿ ಕಡೆಯ ಅರ್ಧ ಪೌಂಡನ್ನು ಕಳೆಯುವುದು, ಇವೆಲ್ಲ ಆ ಮೇಜಿನಲ್ಲಿ ನಗೆಯ ಕತೆಗಳಾಗಿ ಬಂದವು. ಉಪಾಧ್ಯಾಯರೂ ತಮ್ಮದೊಂದನ್ನು ಹೇಳಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಅವರೇ, ಚಮಚವನ್ನು ಬಟ್ಟಲಲ್ಲಿ ತಿರುಗಿಸುತ್ತ, ‘ತೊಂಬತ್ತೇಳರಲ್ಲಿ ಮೂವರು ಹುಡುಗರು ಹೋದರು’ ಎಂದರು. ನಗೆ ಅಲ್ಲಿಗೆ ನಿಂತಿತು.

1997ರ ನವೆಂಬರ್ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ, ಐದು ವಾರಗಳ ಒಳಗೆ, ಮೂರು ಬೇರೆ ಬೇರೆ ರಾಜ್ಯಗಳ ಮೂವರು ಕಾಲೇಜು ಕುಸ್ತಿಪಟುಗಳು ತೂಕವನ್ನಿಳಿಸುವ ಯತ್ನದಲ್ಲಿಯೇ ಸತ್ತರು. ಮೂವರೂ ಬೆವರನ್ನು ಹೊರಬಿಡದ ಉಡುಪು ತೊಟ್ಟು ಕಾದ ಕೋಣೆಗಳಲ್ಲಿ ವ್ಯಾಯಾಮ ಮಾಡುತ್ತಿದ್ದವರು. ಇದರ ಶಾರೀರಕ್ರಿಯೆ ಗೂಢವೇನೂ ಅಲ್ಲ. ನೀರಿಲ್ಲದೆ ರಕ್ತದ ಪ್ರಮಾಣ ಇಳಿಯುತ್ತದೆ. ಹೃದಯ ಹೆಚ್ಚು ದುಡಿಯಬೇಕಾಗುತ್ತದೆ. ಬೆವರು ಆರಿದರೆ ಮೈ ತಂಪಾಗುತ್ತದೆ. ರಬ್ಬರಿನೊಳಗೆ ಅದು ಆರುವ ಹಾಗಿಲ್ಲ. ಮೈಯ ಶಾಖ ಏರುತ್ತಲೇ ಹೋಗುತ್ತದೆ. ಇಂಥ ಪದ್ಧತಿಗಳ ವಿರುದ್ಧ ಅಮೆರಿಕದ ಕ್ರೀಡಾವೈದ್ಯರ ಸಂಸ್ಥೆಯು 1976ರಲ್ಲಿಯೇ ಎಚ್ಚರಿಕೆ ನೀಡಿತ್ತು. ಇಪ್ಪತ್ತೊಂದು ವರ್ಷ ಅದು ಕಾಗದದ ಮೇಲೆ ಉಳಿಯಿತು.

ಮೂರನೆಯ ಸಾವಿನ ಮರುತಿಂಗಳೇ, 1998ರ ಜನವರಿಯಲ್ಲಿ, ಕಟ್ಟಳೆ ಬದಲಾಯಿತು. ರಬ್ಬರಿನ ಉಡುಪು, ಬಿಸಿಕೋಣೆ, ಮೂತ್ರ ಹೆಚ್ಚಿಸುವ ಔಷಧ, ಮೂರಕ್ಕೂ ನಿಷೇಧ. ತೂಕದ ವರ್ಗಗಳಿಗೆ ಏಳೇಳು ಪೌಂಡು ಕೂಡಿಸಿದರು. 118 ಇದ್ದದ್ದು 125 ಆಯಿತು. ತೂಕ ನೋಡುವುದನ್ನು ಕುಸ್ತಿಗೆ ಒಂದೆರಡು ಗಂಟೆ ಮಾತ್ರ ಮೊದಲು ಎಂದು ಹತ್ತಿರಕ್ಕೆ ತಂದರು. ನೀರಿಲ್ಲದೆ ಒಣಗಿದವನು ಅಷ್ಟರಲ್ಲಿ ಚೇತರಿಸಿಕೊಳ್ಳಲಾರನೆಂದ ಮೇಲೆ ಒಣಗುವುದರಿಂದ ಲಾಭವೇನು? ಋತುವಿನ ಆರಂಭದಲ್ಲಿಯೇ ಮೈಯ ನೀರನ್ನೂ ಕೊಬ್ಬನ್ನೂ ಪರೀಕ್ಷಿಸಿ ಇದಕ್ಕಿಂತ ಕೆಳಗೆ ಇಳಿಯಕೂಡದೆಂದು ಪ್ರತಿಯೊಬ್ಬನಿಗೂ ಒಂದು ಗಡಿ ಹಾಕುವ ಪದ್ಧತಿ ಬಂದಿತು. ವಾರಕ್ಕೆ ಮೈತೂಕದ ಶೇಕಡ 1.5ಕ್ಕಿಂತ ಹೆಚ್ಚು ಇಳಿಸುವಂತಿಲ್ಲ. ತೂಕ ಇಳಿಸುವ ಚಟ ಇದರಿಂದ ಪೂರ್ತಿ ಅಳಿದಿದೆಯೆಂದು ನಾನು ಹೇಳಲಾರೆ. ಆದರೆ ಹುಡುಗನ ಹಟಕ್ಕೂ ಅವನ ಸಾವಿಗೂ ನಡುವೆ ಈಗ ಒಂದು ಗೋಡೆಯಿದೆ, ಹಿಂದೆ ಇರಲಿಲ್ಲ.

ವಾಚಕರು ಈಗ 1970ರ ಕುಸ್ತಿಯನ್ನು ಮತ್ತೊಮ್ಮೆ ನೆನೆದುಕೊಳ್ಳಬೇಕು. ಓವಿಂಗ್ಸ್ 158ರಿಂದ 142ಕ್ಕೆ ಇಳಿದು ಬಂದದ್ದನ್ನು ಆ ಮೇಜಿನಲ್ಲಿ ಶೌರ್ಯದ ಲಕ್ಷಣವೆಂದು ಹೇಳುತ್ತಿದ್ದರು. ಅದು ಶೌರ್ಯವಲ್ಲವೆಂದು ಹೇಳುವ ಧೈರ್ಯ ನನಗಿಲ್ಲ. ಆದರೆ ನೂರು ವರ್ಷದ ಕಾಲೇಜು ಕುಸ್ತಿಯಲ್ಲಿ ಜನ ಅತ್ಯಂತ ಪ್ರೀತಿಯಿಂದ ನೆನೆಯುವ ಆ ಎಂಟು ನಿಮಿಷಗಳಿಗೆ ಅವಕಾಶ ಮಾಡಿಕೊಟ್ಟ ಆ ಸಡಿಲು ಕಟ್ಟಳೆಯೇ ಮುಂದೆ 1997ರ ಬಾಗಿಲನ್ನೂ ತೆರೆದಿಟ್ಟಿತ್ತು. ಒಂದೇ ಬಾಗಿಲಿನಿಂದ ಒಬ್ಬನು ಕೀರ್ತಿಯ ಕಡೆಗೆ ನಡೆದ, ಮೂವರು ಹಿಂತಿರುಗಲಿಲ್ಲ. ಆದುದರಿಂದ ಆ ಕುಸ್ತಿಯನ್ನು ನೆನೆಯಬಾರದೇ? ಖಂಡಿತವಾಗಿ ನೆನೆಯಬೇಕು. ಅದು ಮತ್ತೆ ಆಗಲೆಂದು ಆ ಕಟ್ಟಳೆಯನ್ನು ಮಾತ್ರ ಬೇಡಬಾರದು.

ಹಳೆಯ ಕಟ್ಟಳೆ ಹೋದರೆ ಅಂಥ ಕುಸ್ತಿಗಳೂ ಹೋಗುವುವೆಂಬ ಭಯಕ್ಕೂ ಆಧಾರವಿಲ್ಲ. ಊರಿಗೆ ಹಿಂತಿರುಗಿದ ಮೇಲೆ 2025ರ ಮಾರ್ಚಿನ ಅಂತಿಮ ಪಂದ್ಯವೊಂದನ್ನು ನಾನು ಚಿತ್ರದಲ್ಲಿ ನೋಡಿದೆ. ಫಿಲಡೆಲ್ಫಿಯದಲ್ಲಿ ಭಾರೀ ತೂಕದ ಕುಸ್ತಿ. ಒಂದು ಕಡೆ ಮಿನ್ನೆಸೋಟದ ಗೇಬಲ್ ಸ್ಟೀವ್‌ಸನ್, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಚಿನ್ನದ ಪದಕ ಗೆದ್ದವನು, ಸೋಲರಿಯದವನೆಂದು ಎಲ್ಲರೂ ನಂಬಿದ್ದವನು. ಡ್ಯಾನ್ ಗೇಬಲ್‌ನ ಮೇಲಿನ ಅಭಿಮಾನದಿಂದಲೇ ತಾಯಿ ಅವನಿಗೆ ಆ ಹೆಸರಿಟ್ಟದ್ದು. ಇನ್ನೊಂದು ಕಡೆ ಒಕ್ಲಹೋಮ ಸ್ಟೇಟಿನ ವ್ಯಾಟ್ ಹೆಂಡ್ರಿಕ್‌ಸನ್. ಕೊನೆಯ ಅರ್ಧ ನಿಮಿಷದೊಳಗೆ, ಹಿಂದೆ ಬಿದ್ದಿದ್ದ ಹೆಂಡ್ರಿಕ್‌ಸನ್ ಕಾಲಿಗೆ ನುಗ್ಗಿ ಆ ಮಹಾಕಾಯನನ್ನು ಕೆಡವಿದ. ಹೊಸ ಕಟ್ಟಳೆಯಂತೆ ಮೂರು ಅಂಕ, 5–4. ಐವತ್ತೈದು ವರ್ಷಗಳ ಮೇಲೆ ಮತ್ತೊಬ್ಬ ಗೇಬಲ್, ಮತ್ತೊಂದು ಕೊನೆಯ ಅರ್ಧ ನಿಮಿಷ. ಅಂಕಗಳ ಬೆಲೆ ಬೇರೆ, ತೂಕದ ಲೆಕ್ಕ ಬೇರೆ, ಪ್ರೇಕ್ಷಕರ ಎದೆಬಡಿತ ಮಾತ್ರ ಅದೇ. ಏಮ್ಸ್‌ನ ಆ ಮೇಜಿನಲ್ಲಿ ಮರುದಿನ ಕಾಫಿ ಚೆಲ್ಲಿರಬೇಕೆಂದು ನಾನು ಊಹಿಸಿದೆ.

ಹಳೆಯದನ್ನು ಕೊಂಡಾಡುವವರು ಮತ್ತೊಂದು ಲೆಕ್ಕವನ್ನೂ ಬಿಡುತ್ತಾರೆ. ಓವಿಂಗ್ಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಈಗ ಅಂಥ ಕುಸ್ತಿಯ ತಂಡವೇ ಇಲ್ಲ. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಹಣದ ಕಾರಣದಿಂದಲೂ ಇತರ ಕಾರಣಗಳಿಂದಲೂ ಎಷ್ಟೋ ಕಾಲೇಜುಗಳು ಕುಸ್ತಿಯನ್ನು ಕೈಬಿಟ್ಟವು. ಅದೇ ಕಾಲದಲ್ಲಿ ಯಾರೂ ಎಣಿಸದಿದ್ದ ಕಡೆಯಿಂದ ಹೊಸ ಜೀವ ಬಂದಿದೆ. 2025ರ ಜನವರಿಯಲ್ಲಿ ಸಂಘವು ಹೆಣ್ಣುಮಕ್ಕಳ ಕುಸ್ತಿಯನ್ನು ತನ್ನ 91ನೆಯ ಪ್ರಶಸ್ತಿಪಂದ್ಯವಾಗಿ ಅಂಗೀಕರಿಸಿತು. ಹಳೆಯ ಕಾಲ ಎಷ್ಟು ಚೆಲುವಾಗಿದ್ದರೂ ಅದರ ಕಣದಲ್ಲಿ ಈ ಮಕ್ಕಳಿಗೆ ಸ್ಥಳವಿರಲಿಲ್ಲ.

ನಮ್ಮ ವಿದ್ಯಾರ್ಥಿಮಿತ್ರರಿಗೂ ಉಪಾಧ್ಯಾಯಬಂಧುಗಳಿಗೂ ದೂರದೇಶದ ಈ ಕತೆ ಏಕೆ ಎಂದು ಯಾರಾದರೂ ಕೇಳಬಹುದು. ಆಟವಿರಲಿ, ಪರೀಕ್ಷೆಯಿರಲಿ, ಪಾಠಶಾಲೆಯ ಶಿಸ್ತಿರಲಿ, ನಾವು ದಾಟಿಬಂದ ಕಟ್ಟಳೆಗಳನ್ನು ನಾವು ದಾಟಿಬಂದೆವೆಂಬ ಕಾರಣದಿಂದಲೇ ಹೊಗಳುವ ಚಾಳಿ ನಮ್ಮಲ್ಲಿಯೂ ಕಡಿಮೆಯಿಲ್ಲ. ದಾಟಿ ಬಂದವರು ಮಾತ್ರ ಮೇಜಿನ ಸುತ್ತ ಕುಳಿತಿರುತ್ತಾರೆ. ದಾಟಲಾರದೆ ಹೋದವರ ಸಾಕ್ಷ್ಯ ಅಲ್ಲಿ ಕೇಳಿಸುವುದಿಲ್ಲ.

ನಾನು ಏಮ್ಸ್‌ನಿಂದ ಹೊರಡುವ ಹಿಂದಿನ ದಿನ ಉಪಾಧ್ಯಾಯರು ನನ್ನನ್ನು ಬಾಗಿಲವರೆಗೆ ಬಂದು ಬೀಳ್ಕೊಟ್ಟರು. ಆ ಮೂವರ ಮಾತು ಅವರ ಮನಸ್ಸಿನಲ್ಲಿ ಇನ್ನೂ ಇದ್ದಿತೆಂದು ಕಾಣುತ್ತದೆ. ‘ಇದ್ದಿದ್ದರೆ ಅವರಿಗೆ ಈಗ ಐವತ್ತರ ಹತ್ತಿರ ಹತ್ತಿರ ಆಗುತ್ತಿತ್ತು. ಹಳೆಯ ಕುಸ್ತಿಗಳನ್ನು ನೆನೆಯಲು ಶುರುಮಾಡುವ ವಯಸ್ಸು’ ಎಂದರು. ಹೊರಗೆ ಹಿಮ ಬೀಳುತ್ತಿತ್ತು. ಮಗಳ ಕಾರು ಬಂದು ನಿಂತಿತು. ನಾನು ಅವರ ಕೈಹಿಡಿದು ನಮಸ್ಕರಿಸಿ ಹೊರಟೆ.